ಏಳನೆಯ ನಿಲ್ದಾಣ ನಾಯಂಡಹಳ್ಳಿ

ಹೋದ ತಿಂಗಳು ಒಂದು ಸಂಜೆ ಮಾಗಡಿ ರೋಡ್ ಮೆಟ್ರೊ ನಿಲ್ದಾಣದಲ್ಲಿ ಇಳಿದೆ. ಅಲ್ಲಿ ಇಳಿದು ಎರಡು ವರ್ಷವಾಗಿತ್ತು. ಬಿನ್ನಿಪೇಟೆಯ ಬಾಡಿಗೆ ಮನೆ ಬಿಟ್ಟು ಬಸವೇಶ್ವರನಗರಕ್ಕೆ ಹೋದ ಮೇಲೆ ನಮಗೆ ಈ ಕಡೆ ಬರುವ ಕೆಲಸವೇ ಇರಲಿಲ್ಲ. ಹಳೆಯ ಪಕ್ಕದ ಮನೆಯವರ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಒಂದು ಸೀರೆ ಕೊಟ್ಟು ಬಾ ಎಂದು ಅಮ್ಮ ಕಳಿಸಿದ್ದರು. ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿ ಗಾಡಿ ಇನ್ನೂ ನಿಂತಿತ್ತು. ಗಾಡಿಯ ಹೆಂಗಸು ಗಂಜಿ ಹಾಕಿದ ಬಿಳಿ ಪಂಚೆಯ ಮೇಲೆ ನೀರು ಚಿಮುಕಿಸಿ ಇದ್ದಿಲ ಪೆಟ್ಟಿಗೆಯನ್ನು ಒತ್ತಿದರು. ಹಬೆ ಎದ್ದಿತು. ಬೆಂದ ಗಂಜಿ, ಬಿಸಿ ಹತ್ತಿ, ಸ್ವಲ್ಪ ಸುಟ್ಟ ಹಾಗಿನ ಆ ವಾಸನೆಗೆ ನಾನು ಸೀರೆಯ ಚೀಲ ಹಿಡಿದುಕೊಂಡು ಅಲ್ಲೇ ನಿಂತೆ.

ನೋಡುವುದು, ಕೇಳುವುದು, ಮುಟ್ಟುವುದು ಎಲ್ಲವೂ ಮೆದುಳಿನ ನಡುವಿನ ಒಂದು ಗಂಟಿನಲ್ಲಿ ನಿಂತು, ಅಲ್ಲಿಂದ ಮುಂದಕ್ಕೆ ಹೋಗುತ್ತವೆ. ವಾಸನೆ ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಮೂಗಿನ ಮೇಲ್ಭಾಗದಿಂದ ಹೊರಟು, ನೆನಪು ಮತ್ತು ಭಾವಗಳಿಗೆ ಸಂಬಂಧಿಸಿದ ಜಾಗಕ್ಕೆ ನೇರವಾಗಿ ಹೋಗುತ್ತದೆ. ಇದನ್ನು ನಾನು ಎಂ.ಬಿ.ಬಿ.ಎಸ್ ಮೊದಲ ವರ್ಷದಲ್ಲಿ ಓದಿದೆ. ಆ ವರ್ಷ ನಾನು ಓದಿದ್ದನ್ನೆಲ್ಲ ನನ್ನ ಜೊತೆ ಓದಿದವರು ತಾತ. ಅವರ ಪಂಚೆಗೂ ಅದೇ ಗಂಜಿಯ ವಾಸನೆ ಇರುತ್ತಿತ್ತು.

ತಾತ ಅಂದರೆ ಅಪ್ಪನ ಅಪ್ಪ. ಕುಣಿಗಲ್ ಕಡೆಯಿಂದ ಹದಿನೆಂಟನೆಯ ವಯಸ್ಸಿಗೆ ಬಂದು ಇಲ್ಲಿನ ಬಟ್ಟೆ ಮಿಲ್ಲಿನ ನೇಯ್ಗೆ ವಿಭಾಗಕ್ಕೆ ಸೇರಿ, ಮಿಲ್ಲು ಮುಚ್ಚುವವರೆಗೂ ಅಲ್ಲೇ ಇದ್ದರು. ಮಗ್ಗಗಳ ಸದ್ದಿನಲ್ಲಿ ಅವರ ಎರಡೂ ಕಿವಿ ಹೋಗಿದ್ದವು. ಕಿವಿಗೆ ಹಾಕುವ ಯಂತ್ರ ಕೊಡಿಸಿದರೆ, "ಇದ್ರಲ್ಲಿ ಬರೀ ಪಾತ್ರೆ ಸದ್ದು ಕೇಳುತ್ತೆ" ಎಂದು ಡಬ್ಬಿಯಲ್ಲಿ ಇಟ್ಟರು. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಮಿಲ್ಲಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಕಾರಣ ಕೆಲಸಗಾರರೆಲ್ಲ ದನಿ ಇಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದರಂತೆ. ಹತ್ತು ಮಗ್ಗದ ಆಚೆ ನಿಂತವನು ಏನು ಹೇಳಿದ ಎಂದು ತಾತ ತುಟಿ ನೋಡಿ ಹೇಳುತ್ತಿದ್ದರಂತೆ. ನನಗೆ ಆ ಮಾತನ್ನು ಮೂರನೆಯ ವಯಸ್ಸಿಗೇ ಕಲಿಸಿದರು. ಅಮ್ಮ ಎದುರಿಗಿದ್ದಾಗಲೇ ನಾವಿಬ್ಬರೂ ಅವರ ಉಪ್ಪಿಟ್ಟಿನ ಬಗ್ಗೆ ದನಿಯಿಲ್ಲದೆ ಚರ್ಚೆ ಮಾಡುತ್ತಿದ್ದೆವು.

ನನ್ನ ಕಾಲೇಜು ಕೆಂಗೇರಿಯಿಂದ ಇನ್ನೂ ಆಚೆ. ಮೆಟ್ರೊ ಕೆಂಗೇರಿಯವರೆಗೆ ಓಡಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಅಲ್ಲಿಯವರೆಗೆ ಮೆಟ್ರೊ, ಆಮೇಲೆ ಕಾಲೇಜಿನ ಬಸ್ಸು. ಆಷಾಢದಲ್ಲಿ ತರಗತಿಗಳು ಶುರುವಾದವು. ಮೋಡ ಕವಿದ, ಗಾಳಿ ಬೀಸುವ, ಮಳೆ ಬಂದೂ ಬಾರದ ಹಾಗಿರುವ ದಿನಗಳು. ಶವವಿಚ್ಛೇದನದ ಹಾಲಿನ ಔಷಧಿಯ ನಾತ ನನ್ನ ಕೂದಲಿಗೆ ಹತ್ತಿಕೊಂಡಿರುತ್ತಿತ್ತು. ಅಮ್ಮ ನನ್ನನ್ನು ನೇರವಾಗಿ ಬಚ್ಚಲಿಗೆ ಕಳಿಸುತ್ತಿದ್ದರು. ನಾನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ತಾತ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು, ಎದುರಿನ ಕುರ್ಚಿಯನ್ನು ಬೆಳಕಿನ ಕಡೆಗೆ ತಿರುಗಿಸಿಟ್ಟಿರುತ್ತಿದ್ದರು. ಬೆಳಕಿದ್ದರೆ ತುಟಿ ಚೆನ್ನಾಗಿ ಕಾಣುತ್ತದೆ.

"ಇವತ್ತು ಏನು ಕೊಯ್ದ್ರಿ ಡಾಕ್ಟ್ರಮ್ಮ?" ಎಂದು ಕೇಳುತ್ತಿದ್ದರು. ಕಿವಿ ಕೇಳದವರಾದ್ದರಿಂದ ಅವರ ದನಿ ದೊಡ್ಡದು. ಬೀದಿಗೆಲ್ಲ ಕೇಳುತ್ತಿತ್ತು.

ಕಾರ್ತಿಕದ ಹೊತ್ತಿಗೆ ತಲೆಗೆ ಬಂದೆವು. ಮೊದಲ ಸಲ ಮೆದುಳನ್ನು ಎರಡೂ ಅಂಗೈಯಲ್ಲಿ ಹಿಡಿದ ದಿನ ನಾನು ಮನೆಯಲ್ಲಿ ಹೆಚ್ಚು ಮಾತಾಡಲಿಲ್ಲ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ತಾತ ಬಿಡಲಿಲ್ಲ, ಎಲ್ಲ ಕೇಳಿದರು. ಎರಡು ಹೋಳು, ಮೇಲೆ ಮಡಿಕೆ ಮಡಿಕೆಯಾಗಿರುವ ಪದರ, ಹಿಂದೆ ಕೆಳಗೆ ಕಿರುಮೆದುಳು. ನಡೆಯುವಾಗ ತೂಗಾಡದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಉಸಿರು ಮತ್ತು ಎದೆಬಡಿತವನ್ನು ನೋಡಿಕೊಳ್ಳುವುದು ಅದರ ಮುಂದಿನ ಕಾಂಡ. ಬಲಗಡೆಯ ಹೋಳು ಎಡಗೈಯನ್ನು ಆಡಿಸುತ್ತದೆ, ಎಡಗಡೆಯದು ಬಲಗೈಯನ್ನು, ಎಳೆಗಳು ನಡುವೆ ಅಡ್ಡ ಹಾಯುತ್ತವೆ ಎಂದೆ. ತಾತ ತಮ್ಮ ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಸೇರಿಸಿ ನೋಡಿದರು.

"ಹಾಸು ಹೊಕ್ಕು," ಎಂದರು. "ನೇಯ್ದೋನು ಬುದ್ಧಿವಂತ."

ಆಮೇಲೆ ಬಂದವು ಮೆದುಳಿನಿಂದಲೇ ಹೊರಡುವ ಹನ್ನೆರಡು ಜೊತೆ ನರಗಳು. ಅವುಗಳ ಹೆಸರನ್ನು ಕ್ರಮವಾಗಿ ನೆನಪಿಡಲು ಹಿರಿಯ ವಿದ್ಯಾರ್ಥಿಗಳು ಹೇಳಿಕೊಟ್ಟ ಇಂಗ್ಲಿಷ್ ಸಾಲುಗಳು ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಒಂದು ದಿನ ಮೆಟ್ರೊದಲ್ಲಿ ಬಾಗಿಲ ಮೇಲಿನ ಪಟ್ಟಿ ನೋಡುತ್ತ ನಿಂತಿದ್ದೆ. ನಾನು ಹತ್ತುವ ಮಾಗಡಿ ರೋಡಿನಿಂದ ಇಳಿಯುವ ಕೆಂಗೇರಿಯವರೆಗೆ ಎಣಿಸಿದರೆ ಸರಿಯಾಗಿ ಹನ್ನೆರಡು ನಿಲ್ದಾಣ. ಅವತ್ತು ಸಂಜೆ ತಾತನಿಗೆ ಹೇಳಿದೆ. ಒಂದನೆಯದು ಮಾಗಡಿ ರೋಡ್, ವಾಸನೆ. ಎರಡು ಹೊಸಹಳ್ಳಿ, ದೃಷ್ಟಿ. ವಿಜಯನಗರ, ಅತ್ತಿಗುಪ್ಪೆ, ಆಮೇಲೆ ಆರನೆಯದಾದ ಮೈಸೂರು ರಸ್ತೆ, ಮೂರೂ ಕಣ್ಣುಗುಡ್ಡೆ ಆಡಿಸುವವು. ಐದನೆಯ ದೀಪಾಂಜಲಿ ನಗರ ಮುಖದ ಸ್ಪರ್ಶಕ್ಕೆ, ಅಗಿಯುವುದಕ್ಕೆ. ಏಳು ನಾಯಂಡಹಳ್ಳಿ, ನಗುವುದು, ಹುಬ್ಬೇರಿಸುವುದು, ಕಣ್ಣು ಮುಚ್ಚುವುದು, ಮುಖದ ಚಲನೆಯೆಲ್ಲ ಅದರದ್ದು. ಎಂಟು ರಾಜರಾಜೇಶ್ವರಿ ನಗರ, ಕಿವಿ.

"ಹಂಗಾದ್ರೆ ನನ್ನ ರಾಜರಾಜೇಶ್ವರಿ ನಗರದಲ್ಲಿ ಟ್ರೈನ್ ನಿಲ್ಲಲ್ಲ ಅನ್ನು," ಎಂದರು ತಾತ.

ಜ್ಞಾನಭಾರತಿ ಗಂಟಲು. ಪಟ್ಟಣಗೆರೆ ಎದೆಗೂ ಹೊಟ್ಟೆಗೂ ಅಲೆದಾಡುವ ಹತ್ತನೆಯ ನರ. ಕೆಂಗೇರಿ ಬಸ್ ಟರ್ಮಿನಲ್ ಭುಜ ಎತ್ತುವುದು. ಕೊನೆಗೆ ಕೆಂಗೇರಿ, ನಾಲಿಗೆ ಆಡಿಸುವುದು. ತಾತ ಎರಡು ದಿನಕ್ಕೆ ಎಲ್ಲ ಕಲಿತರು. ಆಮೇಲೆ ನಮ್ಮ ಮನೆಯಲ್ಲಿ ನರಗಳಿಗೆ ಬೇರೆ ಹೆಸರೇ ಉಳಿಯಲಿಲ್ಲ. ಎದುರು ಮನೆಯ ಆಂಟಿ ಗೇಟಿನ ಬಳಿ ಅರ್ಧ ಗಂಟೆ ನಿಂತು ಮಾತಾಡಿ ಹೋದರೆ ತಾತ ತುಟಿಯಲ್ಲೇ, "ಆಯಮ್ಮಂದು ಕೆಂಗೇರಿ ಲೈನು ಬಲು ಜೋರು" ಎನ್ನುತ್ತಿದ್ದರು. ಊಟದ ನಡುವೆ ನನ್ನ ಕಡೆ ತಿರುಗಿ, ಸದ್ದಿಲ್ಲದೆ, "ಒಂಬತ್ತು?" ಎಂದು ಕೇಳುತ್ತಿದ್ದರು. ನಾನು ಅನ್ನ ನುಂಗಿ ತೋರಿಸುತ್ತಿದ್ದೆ.

"ಊಟಕ್ಕೆ ಕೂತಾಗ್ಲೂ ಮೆಟ್ರೊ ಓಡಿಸ್ಬೇಕಾ ಇಬ್ರೂ?" ಎನ್ನುತ್ತಿದ್ದರು ಅಮ್ಮ. ಅವರಿಗೆ ನಮ್ಮ ತುಟಿಮಾತು ಬರುತ್ತಿರಲಿಲ್ಲ, ಆದರೆ ನಡೆಯುತ್ತಿದೆ ಎಂಬುದು ಗೊತ್ತಾಗುತ್ತಿತ್ತು.

ಏಳನೆಯ ನರದ ಪಾಠ ಮಾಡಿದ್ದು ನಮ್ಮ ಅಂಗರಚನೆಯ ಮೇಡಂ. ಮುಖ ಒಂದು ಕಡೆ ಜೋತು ಬಿದ್ದವರು ಬಂದರೆ ಮೊದಲು ಹಣೆ ನೋಡಬೇಕು ಎಂದರು. ಹಣೆಯ ಸ್ನಾಯುವಿಗೆ ಮೆದುಳಿನ ಎರಡೂ ಹೋಳುಗಳಿಂದ ಅಪ್ಪಣೆ ಬರುತ್ತದೆ. ಹಾಗಾಗಿ ಮೆದುಳಿನ ಒಂದು ಕಡೆ ಪಾರ್ಶ್ವವಾಯು ಹೊಡೆದರೆ ಬಾಯಿ ಜೋತು ಬೀಳುತ್ತದೆ, ಹಣೆ ಮಾತ್ರ ಎರಡೂ ಕಡೆ ಸುಕ್ಕುಗಟ್ಟುತ್ತದೆ. ಹಣೆಯೂ ಅರ್ಧ ಸುಮ್ಮನಿದ್ದರೆ ಕೆಟ್ಟಿರುವುದು ಮೆದುಳಲ್ಲ, ಆ ಬದಿಯ ನರ. ಅದು ಸಾಮಾನ್ಯವಾಗಿ ಊತ ಇಳಿದ ಮೇಲೆ ಸರಿಹೋಗುತ್ತದೆ. ಹಣೆ ಆಡಿದರೆ ಹೆದರಬೇಕು, ಆಡದಿದ್ದರೆ ಅಷ್ಟು ಹೆದರಬೇಕಿಲ್ಲ. ತಿರುವುಮುರುವಾಗಿ ಕಾಣುತ್ತಿದ್ದ ಈ ಮಾತು ನನಗೆ ಬಹಳ ಹಿಡಿಸಿತು.

ಮನೆಗೆ ಬಂದು ತಾತನ ಹಣೆ ನೋಡಿದೆ. ಅವರು ದಿನಾ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಲ್ಲಿ ಹಣೆಯ ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದರು. ಅದು ಒಣಗಿ ಸ್ವಲ್ಪ ಹೊತ್ತಾದ ಮೇಲೆ ಹುಬ್ಬು ಎತ್ತಿದರೆ ಸುಕ್ಕು ಇರುವಲ್ಲೆಲ್ಲ ಭಸ್ಮ ಬಿರುಕು ಬಿಡುತ್ತಿತ್ತು. ಹಣೆ ಆಡಿದ್ದು ಎಷ್ಟು, ಎಲ್ಲಿ ಎಂಬುದು ಭಸ್ಮದ ಮೇಲೆ ಬರೆದ ಹಾಗೆ ಕಾಣುತ್ತಿತ್ತು. "ಹುಬ್ಬೇರಿಸಿ ತಾತ" ಎಂದು ನಾನು ದಿನಾ ಪೀಡಿಸುತ್ತಿದ್ದೆ. ಮೇಡಂಗೆ ಇದನ್ನು ಹೇಳಿದಾಗ ಅವರು ನಕ್ಕು, "ಇದು ಯಾವ ಟೆಕ್ಸ್ಟ್ ಬುಕ್ಕಲ್ಲೂ ಇಲ್ಲ ಕಣ್ರೀ, ಕೇಳ್ಕೊಳ್ಳಿ" ಎಂದು ಇಡೀ ತರಗತಿಗೆ ಹೇಳಿದರು. ಸಾಮಾನ್ಯವಾಗಿ ನಾನು ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಆ ದಿನ ಮೆಟ್ರೊದಲ್ಲಿ ಕೂರಲು ಜಾಗವಿದ್ದರೂ ನಿಂತುಕೊಂಡೇ ಬಂದೆ.

ಮಾರ್ಚಿನಲ್ಲಿ ಬಿಸಿಲು ಬಂತು. ಮಾಗಡಿ ರಸ್ತೆಯ ಧೂಳು ಕಿಟಕಿಯ ಸರಳುಗಳ ಮೇಲೆ ಕೂರತೊಡಗಿತು. ಪರೀಕ್ಷೆಗೆ ಓದುವ ರಜೆ ಶುರುವಾಗಿತ್ತು. ಒಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾನು ಕೋಣೆಯಲ್ಲಿ ಓದುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದರು.

"ಮಾವನ ಬಾಯಿ ಯಾಕೋ ಸೊಟ್ಟ ಆಗಿದೆ ಕಣೇ. ಬಾ ನೋಡು."

ತಾತ ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಬಾಯಿಯ ಎಡತುದಿ ಕೆಳಗೆ ಇಳಿದಿತ್ತು. ಅಪ್ಪ ಆಫೀಸಿಗೆ ಹೊರಟವರು ಚಪ್ಪಲಿ ಹಾಕಿಕೊಂಡೇ ಪಕ್ಕದಲ್ಲಿ ನಿಂತಿದ್ದರು. ನನಗೆ ಹೆದರಿಕೆಯಾಗಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ, ನನಗೆ ಒಂದು ತರಹದ ಉತ್ಸಾಹ ಬಂತು. ಎದುರಿನ ಕುರ್ಚಿಯಲ್ಲಿ ಕೂತು, ಹುಬ್ಬೇರಿಸಿ ಎಂದೆ. ಏರಿಸಿದರು. ಬಲಗಡೆ ಭಸ್ಮ ಬಿರುಕು ಬಿಟ್ಟಿತು. ಎಡಗಡೆ ಒಂದು ಗೆರೆಯೂ ಇಲ್ಲ, ನುಣ್ಣಗೆ ಹಾಗೇ ಇತ್ತು.

"ಹೆದರ್ಕೊಳ್ಳೋ ಹಾಗೇನಾದ್ರೂ ಇದೆಯೇನಮ್ಮ?" ಎಂದರು ಅಪ್ಪ.

"ಇಲ್ಲಪ್ಪ. ಮೆದುಳಲ್ಲಿ ಏನೂ ಆಗಿಲ್ಲ. ನಾಯಂಡಹಳ್ಳಿ ಮಾತ್ರ. ನರ ಊದಿಕೊಂಡಿರುತ್ತೆ. ನಾಳೆ ನಮ್ಮ ಕಾಲೇಜ್ ಆಸ್ಪತ್ರೆಗೆ ಕರ್ಕೊಂಡು ಹೋಗೋಣ, ಅಲ್ಲಿ ಮೇಡಂನೂ ಕೇಳ್ಬಹುದು."

ತಾತ ನನ್ನ ತುಟಿಯನ್ನೇ ನೋಡುತ್ತಿದ್ದರು. ನಾಯಂಡಹಳ್ಳಿ ಎಂದದ್ದು ತಿಳಿದು ಅರ್ಧ ಬಾಯಲ್ಲಿ ನಕ್ಕರು. "ರಿಪೇರಿ ಇದೆಯಂತೆ ಲೈನು," ಎಂದು ಅಪ್ಪನಿಗೆ ಹೇಳಿದರು. ಮಾತು ಸ್ವಲ್ಪ ತೊದಲಿತು. ಬಾಯಿ ಸೊಟ್ಟಗಾದರೆ ಮಾತು ತೊದಲುವುದು ಸಹಜ ಎಂದುಕೊಂಡೆ. ಅಪ್ಪ ಆಫೀಸಿಗೆ ಹೋದರು. ನಾನು ಓದಲು ಹೋದೆ. ಕಣ್ಣು ಬಿಗಿಯಾಗಿ ಮುಚ್ಚಿ ಎಂದು ಹೇಳಲಿಲ್ಲ. ಎರಡೂ ಕೈ ಮುಂದೆ ಚಾಚಿ ಎಂದು ಹೇಳಲಿಲ್ಲ. ಎರಡೂ ನನಗೆ ಗೊತ್ತಿದ್ದ ಪರೀಕ್ಷೆಗಳು, ಎರಡಕ್ಕೂ ಒಂದು ನಿಮಿಷ ಸಾಕಿತ್ತು.

ಮಧ್ಯಾಹ್ನ ಮೂರು ಗಂಟೆಗೆ ಅವರ ಎಡಗೈಯಿಂದ ನೀರಿನ ಲೋಟ ಬಿತ್ತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ. ಆಟೊ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋದೆವು. ಅಪ್ಪ ಆಫೀಸಿನಿಂದ ನೇರವಾಗಿ ಅಲ್ಲಿಗೇ ಬಂದರು. ತಲೆಯ ಸ್ಕ್ಯಾನ್ ಆಯಿತು. ಮೆದುಳಿನ ಬಲಭಾಗದ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಡಾಕ್ಟರು ಬಾಯಿ ಸೊಟ್ಟಗಾದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅಪ್ಪ ಹೇಳಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ನಾಲ್ಕೈದು ಗಂಟೆಯೊಳಗೆ ಕೊಡಬೇಕಿತ್ತು, ಈಗ ಹೊತ್ತು ಮೀರಿದೆ ಎಂದರು ಡಾಕ್ಟರು. ದೂರಿ ಹೇಳಲಿಲ್ಲ, ಸುಮ್ಮನೆ ಹೇಳಿದರು. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಚೆನ್ನಾಗಿತ್ತು.

ನನಗೆ ಅರ್ಥವಾಗದೆ ಉಳಿದದ್ದು ಹಣೆ. ಅಲ್ಲಿ ಹಾಸಿಗೆಯಲ್ಲಿ ನರ್ಸ್ ಮುಖ ಒರೆಸಿದ ಮೇಲೆ ತಾತನ ಹಣೆ ಬೋಳಾಗಿತ್ತು. ಹುಬ್ಬೇರಿಸಿ ಎಂದೆ. ಎರಡೂ ಕಡೆ ಸುಕ್ಕು ಎದ್ದಿತು. ಒಂದೇ ಸಮ.

ಕಾರಿಡಾರಿನ ಬೆಂಚಿನಲ್ಲಿ ಅಮ್ಮ ಬೆಳಗಿನಿಂದ ಆದದ್ದನ್ನೆಲ್ಲ ಫೋನಿನಲ್ಲಿ ನನ್ನ ಸೋದರತ್ತೆಗೆ ಹೇಳುತ್ತಿದ್ದರು. "ಕಾಫಿ ಕುಡೀತಿದ್ರು, ಎಡಗಡೆಯಿಂದ ಸೋರೋಕೆ ಶುರುವಾಯ್ತು. ತಾವೇ ಟವೆಲ್ಲಲ್ಲಿ ಮುಖ ಉಜ್ಜಿಕೊಂಡ್ರು. ಹಣೆ ವಿಭೂತೀನೂ ಆ ಕಡೆ ಅರ್ಧ ಅಳಿಸ್ಹೋಯ್ತು. ಬರೀ ಹಣೇಲಿ ಕೂರೋರಲ್ಲ ಅಲ್ವಾ, ಕೈಗೆ ಬೇರೆ ಶಕ್ತಿ ಇದ್ದಂಗೆ ಕಾಣ್ಲಿಲ್ಲ. ಅಷ್ಟಕ್ಕೆ ನಾನೇ ತೇಯ್ದು ಹಚ್ದೆ. ಆಮೇಲೆ ಇವಳನ್ನ ಕರೆದೆ."

ನಮ್ಮ ಮನೆಯಲ್ಲಿ ಅಮ್ಮ ತಾತನ ಎದುರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅವರ ಹಣೆ ಮುಟ್ಟಿದ್ದು ಬಹುಶಃ ಅದೊಂದೇ ಸಲ. ಎಡಗಡೆ ನಾನು ನೋಡಿದ್ದು ಆಗಷ್ಟೇ ಹಚ್ಚಿದ ಭಸ್ಮ. ಅದರ ಕೆಳಗೆ ಚರ್ಮ ಸುಕ್ಕಾಗಿರಬೇಕು, ಹಸಿ ಭಸ್ಮ ಅದರ ಜೊತೆಗೇ ಬಾಗಿರಬೇಕು. ಒಣಗಿದ ಭಸ್ಮ ಬಿಳಿ, ಹಸಿಯದು ಬೂದು. ಎರಡು ಕಡೆಯ ಬಣ್ಣ ಬೇರೆ ಇದ್ದದ್ದನ್ನು ನಾನು ಗಮನಿಸಿದ್ದೆ. ಒಂದು ಬದಿಯಿಂದ ಬೀಳುವ ಬೆಳಕು ಎಂದುಕೊಂಡಿದ್ದೆ.

ಅಮ್ಮನಿಗೆ ನಾನು ಅದನ್ನು ಹೇಳಲಿಲ್ಲ. ಹೇಳಿದರೆ ತಪ್ಪು ಅವರದ್ದು ಎಂದು ಅವರಿಗೆ ಅನಿಸುತ್ತಿತ್ತು. ಅಪ್ಪನಿಗೂ ಹೇಳಲಿಲ್ಲ. ಮೊದಲ ವರ್ಷದ ಹುಡುಗಿಗೆ ಏನು ಗೊತ್ತಾಗುತ್ತೆ ಎಂದು ಅವರು ನನ್ನನ್ನು ಆಗಲೇ ಕ್ಷಮಿಸಿಬಿಟ್ಟಿದ್ದರು. ಆದರೆ ನನಗೆ ಗೊತ್ತಿತ್ತು. ನಾನು ನೋಡಬೇಕಾಗಿದ್ದದ್ದು ಚರ್ಮವನ್ನು. ನಾನು ನೋಡಿದ್ದು ನನ್ನ ಜಾಣತನವನ್ನು. ಇದನ್ನು ಹೇಳಬೇಕಾದವರು ಒಬ್ಬರೇ ಇದ್ದರು.

ಹನ್ನೆರಡು ದಿನಕ್ಕೆ ತಾತ ಮನೆಗೆ ಬಂದರು. ಎಡಗಾಲು ಎಳೆಯುತ್ತಿದ್ದರು, ಎಡಗೈ ಮಡಿಲಲ್ಲಿ ಇರುತ್ತಿತ್ತು. ಮಾತು ಹೋಗಿರಲಿಲ್ಲ, ಆದರೆ ಅರ್ಧ ಬಾಯಲ್ಲಿ ಬರುವ ಮಾತು ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಎಲ್ಲರೂ ಮತ್ತೆ ಮತ್ತೆ ಕೇಳುತ್ತಿದ್ದರು. ಇಷ್ಟು ವರ್ಷ ಬೇರೆಯವರು ಏನಂದರು ಎಂದು ಅವರು ಕೇಳುತ್ತಿದ್ದರು, ಈಗ ಅವರು ಏನಂದರು ಎಂದು ನಾವು. ನಾನು ಪರೀಕ್ಷೆ ಬರೆದೆ. ಆ ಹನ್ನೆರಡು ನರಗಳ ಬಗ್ಗೆ ದೊಡ್ಡ ಪ್ರಶ್ನೆಯೇ ಬಂತು. ಚೆನ್ನಾಗಿ ಬರೆದೆ.

ಮಾತಿನ ಚಿಕಿತ್ಸೆ ಮಾಡುವವರು ಮನೆಯಲ್ಲಿ ಮಾಡಿಸಲು ಕೆಲವು ಅಭ್ಯಾಸ ಹೇಳಿಕೊಟ್ಟಿದ್ದರು. ಕೆನ್ನೆ ಉಬ್ಬಿಸುವುದು, ಸ್ಟ್ರಾದಲ್ಲಿ ಊದುವುದು, ಪ ಪ ಪ, ಬ ಬ ಬ, ಮ ಮ ಮ ಎನ್ನುವುದು. ಮೇ ತಿಂಗಳ ಮಧ್ಯಾಹ್ನಗಳಲ್ಲಿ, ವರಾಂಡಕ್ಕೆ ಹಾಕಿದ ಬಿದಿರು ಪರದೆಯ ಒಳಗೆ ಕೂತು ನಾನು ಮಾಡಿಸುತ್ತಿದ್ದೆ.

"ಎಪ್ಪತ್ತು ವರ್ಷ ಮಾತಾಡಿ ಈಗ ಒಂದನೇ ಕ್ಲಾಸು," ಎಂದರು ಒಂದು ದಿನ. ನನಗೆ ತಿಳಿಯಲು ಎರಡು ಸಲ ಹೇಳಬೇಕಾಯಿತು.

ಪ, ಬ, ಮ, ಮೂರಕ್ಕೂ ಹೊರಗಿನಿಂದ ತುಟಿ ಒಂದೇ. ವ್ಯತ್ಯಾಸವೆಲ್ಲ ಒಳಗೆ, ಗಂಟಲಲ್ಲಿ, ಮೂಗಲ್ಲಿ. ಅಭ್ಯಾಸ ಮಾಡಿಸುವಾಗಲೇ ಅದು ನನಗೆ ಹೊಳೆದದ್ದು. ಮಿಲ್ಲಿನಲ್ಲಿ ಇದನ್ನು ಹೇಗೆ ಬಿಡಿಸುತ್ತಿದ್ದಿರಿ ಎಂದು ಕೇಳಿದೆ.

"ತುಟಿ ನೋಡಿದ್ರೆ ಆಗಲ್ಲ ಕಣಮ್ಮ. ಕೆನ್ನೆ ನೋಡ್ಬೇಕು. ಬೈತಾ ಇದಾನೋ ಕರೀತಾ ಇದಾನೋ, ಮುಖ ಹೇಳುತ್ತೆ."

ಒಳಗೆ ಅಮ್ಮ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದರು. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ದನಿಯಿಲ್ಲದೆ, ತುಟಿಯಲ್ಲೇ ಹೇಳಿದೆ. ಅವತ್ತು ಬೆಳಿಗ್ಗೆ ನಾನು ತಪ್ಪು ನೋಡಿದೆ ತಾತ. ನಿಮ್ಮ ಹಣೆ ಆಡ್ತಾ ಇತ್ತು. ನಾನು ಭಸ್ಮ ನೋಡಿದೆ. ಆಗಲೇ ಕರ್ಕೊಂಡು ಹೋಗಿದ್ದಿದ್ರೆ ಕೈ ಉಳೀತಿತ್ತೇನೋ. ನಾನು ನಾಳೆ ಅಂದೆ.

ಒಂದೊಂದೇ ಮಾತನ್ನೂ ಅವರು ಓದಿದರು. ಓದಿದ್ದು ಅವರ ಕಣ್ಣಿನಲ್ಲಿ ಕಾಣುತ್ತಿತ್ತು. ಮುಗಿದ ಮೇಲೆ ತಮ್ಮ ಮಡಿಲಲ್ಲಿದ್ದ ಎಡಗೈಯನ್ನು ಒಮ್ಮೆ ನೋಡಿ, ಮತ್ತೆ ನನ್ನನ್ನು ನೋಡಿ, ಅವರೂ ದನಿಯಿಲ್ಲದೆ ಒಂದು ಮಾತು ಹೇಳಿದರು. ತುಟಿ ಕೂಡಿತು, ಅಗಲವಾಗಿ ತೆರೆಯಿತು. ಮತ್ತೆ ಕೂಡಿತು, ತೆರೆಯಿತು. ಅಷ್ಟೇ.

ಅದು "ಬಾಮ್ಮ" ಇರಬಹುದು. ನಾನು ಚಿಕ್ಕವಳಿದ್ದಾಗ ಬಿದ್ದು ಮಂಡಿ ತರಚಿಕೊಂಡು ಬಂದರೆ, ಅಮ್ಮನ ಕೈಲಿ ಬೈಸಿಕೊಂಡು ಬಂದರೆ, ತೋಳು ಚಾಚಿ ಅವರು ಹೇಳುತ್ತಿದ್ದದ್ದು ಅದನ್ನೇ. "ಪಾಪ" ಇರಬಹುದು. ಪಾಪ ಎಂದರೂ ಎರಡು: ಅಯ್ಯೋ ಪಾಪ ಎನ್ನುವ ಪಾಪ, ಮಾಡಿದ ಪಾಪ. ತುಟಿಗೆ ಮೂರೂ ಒಂದೇ. ಕೆನ್ನೆ ನೋಡಿದೆ. ಎಡಗೆನ್ನೆ ಆಡಲಿಲ್ಲ. ಬಲಗೆನ್ನೆ ಸ್ವಲ್ಪ ನಡುಗಿ ನಿಂತಿತು, ಅದು ಏನನ್ನೂ ಪೂರ್ತಿ ಹೇಳಲಿಲ್ಲ.

ತಾತ ಕಾಯುತ್ತಿದ್ದರು. ಅವರ ಮಾತು ತಿಳಿಯದೆ ಎಲ್ಲರೂ ಏನು, ಏನು ಎಂದು ಕೇಳಿ ಕೇಳಿ ಅವರು ದಣಿದಿದ್ದ ದಿನಗಳವು. ನಾನೂ ಕೇಳುವುದು ಬೇಡ ಎನಿಸಿತು. ತಿಳಿಯಿತು ಎಂಬಂತೆ ತಲೆ ಆಡಿಸಿದೆ. ಅವರು ಬಲಗೈಯಿಂದ ನನ್ನ ಮೊಣಕೈಯನ್ನು ಎರಡು ಸಲ ತಟ್ಟಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಅದಾದ ಮೇಲೆ ಅವರು ಇನ್ನೂ ಹತ್ತು ತಿಂಗಳು ಇದ್ದರು. ಆ ಹತ್ತು ತಿಂಗಳಲ್ಲಿ ಯಾವ ದಿನ ಕೇಳಿದ್ದರೂ ಇನ್ನೊಮ್ಮೆ ಹೇಳುತ್ತಿದ್ದರು. ನಾನು ಕೇಳಲಿಲ್ಲ.